ಭೂತದ ಬಾಯಿಗೆ ಹಿಡಿದ ಬೀಗದ ಕೈ

ಮಾವಿನ ಸುಗ್ಗಿ ಮುಗಿದ ಮೇಲೆ ಶ್ರೀನಿವಾಸಪುರದ ಮಂಡಿಗಳು ಬಾಗಿಲು ಹಾಕುತ್ತವೆ. ಒಳಗೆ ಒಣಹುಲ್ಲು, ಮುರಿದ ಬುಟ್ಟಿ, ಎಷ್ಟು ತೊಳೆದರೂ ಹೋಗದ ಹುಳಿತ ಹಣ್ಣಿನ ವಾಸನೆ. ಎಂಬತ್ತರ ದಶಕದ ಶುರುವಿನಲ್ಲಿ, ದಸರಾ ರಜೆಯ ಹೊತ್ತಿಗೆ, ಅಂಥ ಒಂದು ಮಂಡಿಯನ್ನು ಊರೂರು ತಿರುಗುವ ಎಕ್ಸಿಬಿಷನ್‌ನವರು ಬಾಡಿಗೆಗೆ ಹಿಡಿದು ಭೂತ ಬಂಗಲೆ ಮಾಡಿದ್ದರು. ಕಂಬಿಯ ಮೇಲೆ ಮರದ ಗಾಡಿ. ಅದರಲ್ಲಿ ಕೂತರೆ ಕತ್ತಲೊಳಗೆ ಒಂದು ಸುತ್ತು ತಳ್ಳಿಕೊಂಡು ಬರುತ್ತಾರೆ.

ನಾನು ಆಗ ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಮಾಲೂರಿನಿಂದ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಅವಳ ದೊಡ್ಡ ಮಗಳು, ಐದು ವರ್ಷದ ಮಗ ಇಬ್ಬರೂ ಭೂತ ಬಂಗಲೆಗೆ ಹೋಗಲೇಬೇಕೆಂದು ನನ್ನ ಸೆರಗು ಹಿಡಿದರು.

ಅಮ್ಮನಿಗೆ ಇಷ್ಟವಿರಲಿಲ್ಲ. "ಬಾಣಂತಿ ಇರೋ ಮನೆ ಕಣೇ ಇದು. ಏನನ್ನ ಬೆನ್ನಿಗೆ ಹತ್ತಿಸ್ಕೊಂಡು ಬರ್ತೀಯೋ."

"ಅದೆಲ್ಲಾ ಹುಲ್ಲು, ಬಟ್ಟೆ, ಬಲ್ಬು ಅಮ್ಮಾ."

"ನಿನ್ನ ಬಿ.ಎಸ್ಸಿ. ನಿನ್ನ ಹತ್ರಾನೇ ಇಟ್ಕೋ."

ಅಮ್ಮ ಕೋಣೆಗೆ ಹೋಗಿ ಕೂಸಿನ ತಲೆದಿಂಬಿನ ಕೆಳಗಿದ್ದ ಬೀಗದ ಕೈ ತಂದಳು. ಹಳೆಯ ಹೆಬ್ಬಾಗಿಲಿನದು, ಗೇಣುದ್ದದ ಕಬ್ಬಿಣ. ಗಾಳಿ ಸೋಕದಿರಲಿ ಎಂದು ನಮ್ಮ ಕಡೆ ಹಸುಗೂಸಿನ ಹತ್ತಿರ ಕಬ್ಬಿಣ ಇಡುತ್ತಾರೆ. ತುಕ್ಕು ಕೂಸಿಗೆ ತಾಗಬಾರದೆಂದು ಅದರ ಹಿಡಿಗೆ ಅರಿಶಿನದ ಬಟ್ಟೆ ದಪ್ಪನಾಗಿ ಸುತ್ತಿತ್ತು. ಅದನ್ನು ಹುಡುಗನ ಕೈಗೆ ಕೊಟ್ಟಳು.

"ಒರೇ, ಏನಾದ್ರೂ ಎದುರಿಗೆ ಬಂದ್ರೆ ಅದರ ಬಾಯಿಗೇ ಹಿಡಿ. ಕಬ್ಬಿಣ ಕಂಡ್ರೆ ಓಡುತ್ತೆ."

"ಇವನೇ ಮೊದಲು ಓಡ್ತಾನೆ ಅಜ್ಜಿ, ಚಡ್ಡಿ ಒದ್ದೆ ಮಾಡ್ಕೊಂಡು," ಎಂದಳು ಅಕ್ಕನ ಮಗಳು.

"ಹೋಗೇ, ನೀನೇ ಅಳುಬುರುಕಿ!"

ನಾವು ಹೋದಾಗ ಇನ್ನೂ ಸಂಜೆಯ ಬೆಳಕಿತ್ತು. ಮಂಡಿಯ ಬಾಗಿಲಿಗೆ ಇಳಿಬಿಟ್ಟ ಕರಿ ಗೋಣಿತಾಟು ಹಿಂದೆ ಬಿದ್ದ ಕೂಡಲೇ ಆ ಬೆಳಕು ಇಲ್ಲವಾಯಿತು. ಹುಡುಗ ನನ್ನ ಬಲಕ್ಕೆ, ಹುಡುಗಿ ಎಡಕ್ಕೆ. ಗಾಡಿ ತಳ್ಳುವವನು ಬೆನ್ನ ಹಿಂದೆ. ಅವನು ಕರಿ ಬಟ್ಟೆ ಹೊದ್ದಿದ್ದ, ಬರಿಗಾಲಲ್ಲಿದ್ದ. ಹೆಜ್ಜೆಯ ಸದ್ದೇ ಇಲ್ಲ, ನನ್ನ ಕತ್ತಿನ ಹತ್ತಿರ ಉಸಿರು ಮಾತ್ರ. ಅದು ಮನುಷ್ಯನ ಉಸಿರೆಂದು ನನಗೆ ಗೊತ್ತು. ಆದರೂ ಹಿಂದಿರುಗಿ ನೋಡಲಿಲ್ಲ.

ಎಲ್ಲಿಂದಲೋ ಟೇಪಿನಲ್ಲಿ ಹೆಂಗಸೊಬ್ಬಳು ಕಿರುಚುತ್ತಿದ್ದಳು. ಹುಲ್ಲಿನ ಬೊಂಬೆಗಳು ಒಂದೊಂದಾಗಿ ಬೆಳಕಿಗೆ ಬಂದು ಮರೆಯಾದವು. ಅವುಗಳ ಹೊಟ್ಟೆಯಿಂದ ಮಾವಿನ ವಾಸನೆ ಬರುತ್ತಿತ್ತು. ಹುಡುಗಿ ಮುಖವನ್ನು ನನ್ನ ತೋಳಿಗೆ ಒತ್ತಿಕೊಂಡಳು. ಹುಡುಗ ಮಾತ್ರ ನೆಟ್ಟಗೆ ಕೂತಿದ್ದ.

ಒಂದು ತಿರುವಿನಲ್ಲಿ ಗಾಡಿ ನಿಂತಿತು. ಕೈಗೆ ಎಟಕುವಷ್ಟು ಹತ್ತಿರದಲ್ಲಿ ಒಂದು ಮುಖ. ಎರಡು ಕಣ್ಣು ಕೆಂಪಗೆ ಉರಿಯುತ್ತಿದ್ದವು. ಬಾಯಿ ಅಗಲವಾಗಿ ತೆರೆದಿತ್ತು, ಒಳಗೆ ಕತ್ತಲು. ಅಲ್ಲೂ ಬಲ್ಬು ಇದ್ದಿರಬೇಕು. ಅದು ಹೋಗಿತ್ತು, ತೆಗೆದು ಬರಿ ತಂತಿ ಬಿಟ್ಟಿದ್ದರು. ನಾನು ಅದನ್ನು ಕಂಡದ್ದೂ ಹುಡುಗ ಎದ್ದು ನಿಂತದ್ದೂ ಒಟ್ಟಿಗೇ ಆಯಿತು. ಅವನು ಕೈ ಚಾಚಿದ. ಅಜ್ಜಿ ಹೇಳಿದ ಹಾಗೆಯೇ, ಬಾಯಿಗೇ.

ನೀಲಿ ಬೆಂಕಿ ಚಟಾರೆಂದು ಹಾರಿತು. ಆಮೇಲೆ ಏನೂ ಕಾಣಲಿಲ್ಲ.

ಕರೆಂಟು ಹೋಗಿ ಟೇಪು ನಿಧಾನವಾಯಿತು. ಆ ಹೆಂಗಸಿನ ಕಿರುಚಾಟ ದಪ್ಪವಾಗುತ್ತಾ ಗಂಡಸಿನ ನರಳಾಟವಾಗಿ ನಿಂತುಹೋಯಿತು. ನಾನು ಬಲಕ್ಕೆ ಕೈ ಹಾಕಿದೆ. ಬರಿ ಹಲಗೆ. ಹುಡುಗ ಇಲ್ಲ. ಹೆಸರು ಹಿಡಿದು ಕೂಗಿದೆ. ತಗಡಿನ ಮಾಡಿನಿಂದ ನನ್ನ ದನಿಯೇ ವಾಪಸು ಬಂತು. ಬೆನ್ನ ಹಿಂದಿನ ಉಸಿರೂ ಇಲ್ಲ. ಗಾಡಿಯವನು ಮೈನ್ ಸ್ವಿಚ್ಚಿಗೆ ಓಡಿದ್ದನಂತೆ, ನನಗೇನು ಗೊತ್ತು? ಸುಟ್ಟ ಬಟ್ಟೆಯ ವಾಸನೆ ಬರುತ್ತಿತ್ತು. ಅದು ಬಟ್ಟೆಯದು, ಬಟ್ಟೆಯದು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

"ಚಿಕ್ಕಮ್ಮಾ," ಎಂಬ ದನಿ ಕಾಲ ಬುಡದಿಂದ ಬಂತು. "ಓಡಿಹೋಯ್ತು."

ಗಾಡಿಯೊಳಗೇ ಹಿಂದಕ್ಕೆ ಜಾರಿ ನನ್ನ ಕಾಲ ಹತ್ತಿರ ಕೂತಿದ್ದ. ಎಳೆದು ತಬ್ಬಿಕೊಂಡೆ. ಅವನ ಎದೆ ಗುಬ್ಬಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಬೀಗದ ಕೈ ಇನ್ನೂ ಮುಷ್ಟಿಯಲ್ಲೇ ಇತ್ತು. ಟಾರ್ಚು ಹಿಡಿದು ಬಂದ ಗಾಡಿಯವನು "ಏಮೈಂದಮ್ಮಾ?" ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳಿದ. ಬೆಳಕನ್ನು ಹುಡುಗನ ಮುಷ್ಟಿಗೆ ಬಿಟ್ಟು ನೋಡಿದ. ಗಾಡಿಯನ್ನು ಅವಸರದಲ್ಲಿ ಹೊರಕ್ಕೆ ತಳ್ಳಿದ. ಮುಂದಿನ ತಿರುವಿನಲ್ಲಿ, ಕೂತವರು ಬೆಚ್ಚಲೆಂದು, ಮೇಲಿನಿಂದ ನೀರು ಚಿಮುಕಿಸುವ ಏರ್ಪಾಡಿತ್ತು. ನಮ್ಮ ಮೇಲೂ ಬಿತ್ತು.

ಆ ನೀರನ್ನೇ ನಾನು ಇವತ್ತಿಗೂ ನೆನೆಯುತ್ತೇನೆ. ಮರದ ಗಾಡಿ, ಕಾಲಲ್ಲಿ ಹವಾಯಿ ಚಪ್ಪಲಿ, ಬೀಗದ ಕೈಗೆ ಸುತ್ತಿದ್ದ ಒಣ ಬಟ್ಟೆ, ತಂತಿಗಳೆರಡೂ ಒಟ್ಟಿಗೆ ತಾಗಿ ಫ್ಯೂಸು ಹೋದದ್ದು, ಇವುಗಳಿಂದ ಹುಡುಗ ಉಳಿದ ಲೆಕ್ಕ ನನಗೆ ತಿಳಿಯುತ್ತದೆ. ನೀರಿನ ತಿರುವು ಮೊದಲು ಬಂದು, ಬಟ್ಟೆ ಒದ್ದೆಯಾಗಿ, ಮುಖ ಆಮೇಲೆ ಬಂದಿದ್ದರೆ? ಕನಸಿನಲ್ಲಿ ಹಾಗೆಯೇ ಬರುತ್ತದೆ.

ಮನೆಯಲ್ಲಿ ಅಮ್ಮ ಬೀಗದ ಕೈಯ ತುದಿ ನೋಡಿದಳು. ಕಬ್ಬಿಣ ಕರಗಿ ಕಪ್ಪಾಗಿತ್ತು. "ನೋಡಿದ್ಯಾ?" ಎಂದಳು, ಅಷ್ಟೇ. ಅದು ಕರೆಂಟು ಎಂದು ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಹುಡುಗ ಭೂತ ಓಡಿದ ಕಥೆಯನ್ನು ಎಲ್ಲರಿಗೂ ಹೇಳುತ್ತಿದ್ದ, ಅಕ್ಕ ನಗುತ್ತಿದ್ದಳು. ಬೀಗದ ಕೈ ಮತ್ತೆ ಕೂಸಿನ ದಿಂಬಿನ ಕೆಳಗೆ ಹೋಯಿತು.

ಮಾರನೆಯ ದಿನ ಮಧ್ಯಾಹ್ನ ಅಕ್ಕ ಸ್ನಾನಕ್ಕೆ ಹೋಗಿದ್ದಳು. ಕೋಣೆ ತುಂಬಾ ನಿಶ್ಶಬ್ದವಾಗಿತ್ತು. ಒಳಗೆ ಹೋದೆ. ಕೂಸು ಕಣ್ಣು ಬಿಟ್ಟುಕೊಂಡು ಮಲಗಿತ್ತು. ಅದರ ತಲೆಯ ಮೇಲಿನ ಗೋಡೆಯಲ್ಲಿ ಎರಡು ತೂತಿನ ಪ್ಲಗ್ಗು. ಹುಡುಗ ಮಂಚದ ಮೇಲೆ ನಿಂತು ಆ ತೂತುಗಳತ್ತ ಬೀಗದ ಕೈ ಎತ್ತಿದ್ದ. ನೀರಿಗೆ ನೆನೆದದ್ದನ್ನು ಬಿಸಿಲಿಗೆ ಹಾಕಿದ್ದರಿಂದ ಅರಿಶಿನದ ಬಟ್ಟೆ ಅದರ ಮೇಲಿರಲಿಲ್ಲ.

ಕೂಗಲಿಲ್ಲ. ಕೂಗಿದ್ದರೆ ಬೆಚ್ಚಿ ತಾಗಿಸಿಬಿಡುತ್ತಿದ್ದ. ಹಿಂದಿನಿಂದ ಹೋಗಿ ಮಣಿಕಟ್ಟು ಹಿಡಿದೆ.

"ಬಿಡು ಚಿಕ್ಕಮ್ಮಾ," ಎಂದು ಪಿಸುಗುಟ್ಟಿದ. "ಇಲ್ಲಿಗೆ ಬಂದಿದೆ. ಪಾಪೂನೇ ನೋಡ್ತಿದೆ, ಗೋಡೇಲಿ ಅದರ ಎರಡು ಕಣ್ಣು ನೋಡು."

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು. ಬಂದು ಅವನ ಕೈಯಿಂದ ಕಬ್ಬಿಣ ತೆಗೆದುಕೊಂಡು ಹಿತ್ತಿಲಿಗೆ ನಡೆದಳು. ಬಾವಿಯಲ್ಲಿ ಸದ್ದಾಯಿತು. ವಾಪಸು ಬಂದವಳು ನನ್ನ ಮುಖ ನೋಡದೆ, ಹಿಟ್ಟು ಕಲಸಿ ತಂದು ಆ ಎರಡು ತೂತುಗಳನ್ನು ಮುಚ್ಚಲು ಹೋದಳು. ಒದ್ದೆ ಹಿಟ್ಟು, ಒದ್ದೆ ಬೆರಳು.

ಆ ಕೈಯನ್ನೂ ನಾನೇ ಹಿಡಿದೆ.