ಚೆಂಡಿನ ಹಸಿವು

ಆಕನ್‌ರಿಗ್ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ವಾರವಿಡೀ ಆಟಗಾರರಿಗೆ ಚೆಂಡು ತೋರಿಸುತ್ತಿರಲಿಲ್ಲ. ಮೈದಾನದ ಸುತ್ತ ಓಟ, ಹಗ್ಗ ಜಿಗಿತ, ಮತ್ತೆ ಓಟ. ಚೆಂಡಿಗಾಗಿ ಹಸಿದವನು ಶನಿವಾರ ಅದರ ಮೇಲೆ ಮುಗಿಬೀಳುತ್ತಾನೆ ಎಂಬುದು ಅಧ್ಯಕ್ಷ ಕ್ರಾಂಬಿಯವರ ಸಿದ್ಧಾಂತ. ಅವರದು ಮಾಂಸದಂಗಡಿ, ಹಸಿವಿನ ವಿಚಾರ ಅವರಿಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು!

ವಾಲ್ಟರ್ ಪರ್ಡಿ ಗಣಿಯಿಂದ ಎದ್ದು ಬಂದು, ಈ ಹಸಿವಿನಲ್ಲೇ ಒಂಬತ್ತು ವರ್ಷ ಆಡಿದ. ಮಂಡಿ ಕೈಕೊಟ್ಟಾಗ ಕ್ಲಬ್ಬು ಅವನ ಬೆನ್ನು ತಟ್ಟಿ ಮನೆಗೆ ಕಳಿಸಿತು. ಹೊಟ್ಟೆಪಾಡಿಗೆಂದು ದೂರದೇಶ ಬೊಹೀಮಿಯಾಕ್ಕೆ ಹೋಗಿ ಅಲ್ಲಿನ ಹುಡುಗರಿಗೆ ಆಟ ಕಲಿಸಿದ. ಅವರ ಮಾತು ಇವನಿಗೆ ಬಾರದು, ಇವನ ಮಾತು ಅವರಿಗೆ ಬಾರದು. ಹೇಳಲಾಗದ್ದನ್ನೆಲ್ಲ ಚೆಂಡಿನಲ್ಲೇ ಮಾಡಿ ತೋರಿಸಬೇಕಾಯಿತು, ದಿನಾ ಬೆಳಗ್ಗೆ, ದಿನಾ ಸಂಜೆ. ಅಷ್ಟು ಸುಖವಾಗಿ ಅವನು ಮತ್ತೆಂದೂ ಇರಲಿಲ್ಲ. ಬರುಬರುತ್ತಾ ಹರಕುಮುರುಕು ಬೊಹೀಮಿಯನ್ ಮಾತೂ ಬಂತು.

ಆದರೆ ಹೆಂಡತಿ ಇಸೊಬೆಲ್ ಅಲ್ಲಿ ಸೊರಗಿ ಹೋದಳು. ಅಷ್ಟರಲ್ಲಿ ಆಕನ್‌ರಿಗ್ ಕ್ಲಬ್ಬೇ ಮ್ಯಾನೇಜರ್ ಕೆಲಸಕ್ಕೆ ಕರೆಯಿತು, ಜೊತೆಗೆ ವಾಸಕ್ಕೆ ಒಂದು ಮನೆ. ಅವಳ ಅವ್ವನ ಮನೆ ಅದೇ ಬೀದಿಯಲ್ಲಿತ್ತು.

"ಇನ್ನು ನನ್ನ ಇಲ್ಲಿಂದ ಎಬ್ಬಿಸ್ಬೇಡಿ ಕಣ್ರೀ," ಎಂದಳು ಇಸೊಬೆಲ್. "ಹೋಗೋದಾದ್ರೆ ನೀವೊಬ್ರೇ ಹೋಗಿ."

ಮ್ಯಾನೇಜರ್ ಎಂದರೆ ಏನು ಮಹಾ! ತಂಡವನ್ನು ಆರಿಸುವವರು ಕ್ರಾಂಬಿ ಮತ್ತು ಸಮಿತಿಯವರು, ಕೈಯೆತ್ತಿ ಮತ ಹಾಕಿ. ವಾಲ್ಟರ್ ರೈಲಿನ ಟಿಕೆಟ್ಟು ತರಬೇಕು, ಸೋತರೆ ಬೈಸಿಕೊಳ್ಳಬೇಕು. ಒಮ್ಮೆ ಮಾತ್ರ ಧೈರ್ಯ ಮಾಡಿ ಕೇಳಿದ.

"ಯಜಮಾನ್ರೇ, ಮಂಗಳವಾರ ಒಂದಿನ ಹುಡುಗ್ರಿಗೆ ಚೆಂಡು ಕೊಡ್ಸಿ."

"ಊಟಕ್ಕೆ ಕರೆದ ಮನೆಗೆ ಹೊಟ್ಟೆ ತುಂಬಿಸ್ಕೊಂಡು ಹೋಗ್ತಾರೇನಯ್ಯಾ?" ಎಂದರು ಕ್ರಾಂಬಿ. ಸಮಿತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮೇ ತಿಂಗಳಲ್ಲಿ ಆ ಬೊಹೀಮಿಯಾದ ಹುಡುಗರೇ ಪ್ರವಾಸ ಬಂದರು. ಆಕನ್‌ರಿಗ್‌ಗೆ ಆರು ಗೋಲು ಹೊಡೆದರು. ಹಸಿದಿದ್ದ ನಮ್ಮವರಿಗೆ ಅವತ್ತೂ ಚೆಂಡು ಸಿಗಲಿಲ್ಲ. ಆಟ ಮುಗಿದದ್ದೇ ತಡ, ಅವರ ನಾಯಕ ಹೈನೆಕ್ "ಮೇಷ್ಟ್ರೇ! ಮೇಷ್ಟ್ರೇ!" ಎಂದು ಕೂಗುತ್ತಾ ಓಡಿಬಂದು, ವಾಲ್ಟರನನ್ನು ಹೆಗಲ ಮೇಲೆ ಹೊತ್ತು ಇಡೀ ಮೈದಾನ ಸುತ್ತಿಸಿದ. ಪಾಪ, ಆ ಹುಡುಗನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಗೊತ್ತಿರಲಿಲ್ಲ. ಊರಿನವರು ನೋಡುತ್ತಾ ನಿಂತರು.

ಕ್ರಾಂಬಿ ವಾಲ್ಟರನನ್ನು ಗೋಡೆಯ ಮರೆಗೆ ಕರೆದರು.

"ವಿದ್ಯೆಯೆಲ್ಲ ಅವ್ರಿಗೆ ಧಾರೆ ಎರೆದು, ಖಾಲಿ ಕೈಯಲ್ಲಿ ನಮ್ಮತ್ರ ಬಂದ ಅಂತಿದಾರೆ ಜನ. ಇವತ್ತಿನ ಊಟದಲ್ಲಿ ಎದ್ದು ನಿಂತು, ಅವ್ರಿಗೆ ನಾನೇನೂ ಕಲ್ಸಿಲ್ಲ ಅಂತ ಹೇಳ್ಬಿಡು. ಇಲ್ಲಾಂದ್ರೆ ಸೋಮವಾರ ಮನೆ ಖಾಲಿ ಮಾಡು."

ಸಂಜೆ ಕ್ಲಬ್ಬಿನ ಹಾಲ್‌ನಲ್ಲಿ ಕುರಿಮಾಂಸದ ಪೈ, ಆಲೂಗಡ್ಡೆ. ಹೆಂಗಸರೊಂದಿಗೆ ಇಸೊಬೆಲ್ ಚಹಾ ಬಗ್ಗಿಸುತ್ತಿದ್ದಳು. ಪಕ್ಕದವಳು ಹೇಳಿದ ಯಾವುದೋ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಬೊಹೀಮಿಯಾದಲ್ಲಿ ಅವಳು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ವಾಲ್ಟರ್ ಎದ್ದು ನಿಂತ.

"ಈ ಹುಡುಗ್ರ ಆಟ ದೇವ್ರು ಕೊಟ್ಟಿದ್ದು. ನಾನು ಬರೀ ಚೆಂಡು ಎತ್ತಿಕೊಡ್ತಿದ್ದೆ ಅಷ್ಟೇ. ಕಲ್ಸಿದ್ದು ಏನೂ ಇಲ್ಲ."

ಸಮಿತಿ ಮೇಜು ಗುದ್ದಿ ಮೆಚ್ಚಿತು. ಕೆಲಸ ಉಳಿಯಿತು, ಮನೆಯೂ ಉಳಿಯಿತು. ಮುಂದೆ ಹದಿನೆಂಟು ವರ್ಷ ಅವನು ಆಟಗಾರರನ್ನು ಮೈದಾನದ ಸುತ್ತ ಓಡಿಸಿದ.

ಅವತ್ತು ಒಂದಕ್ಷರವೂ ಅರ್ಥವಾಗದೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಹೈನೆಕ್. ವಾಲ್ಟರ್ ಕೂತ ಮೇಲೆ ಹತ್ತಿರ ಬಗ್ಗಿ, ತನ್ನ ಭಾಷೆಯಲ್ಲಿ ಕೇಳಿದ.

"ಏನಂದ್ರಿ ಮೇಷ್ಟ್ರೇ, ನಮ್ ಬಗ್ಗೆ?"

ವಾಲ್ಟರ್ ತಟ್ಟೆಯಿಂದ ತಲೆಯೆತ್ತಲಿಲ್ಲ.

"ನೀವೆಲ್ಲಾ ನನ್ನ ಹುಡುಗ್ರು ಅಂದೆ ಕಣೋ," ಎಂದ.