ಸಂತೆಯ ದಿನ ಮಾತ್ರ ಓಡುವ ಎಂಜಿನ್ನು

ಬೆಳಕು ಹರಿಯುವ ಮೊದಲು ಹಾಲಮ್ಮ ಒಲೆಯ ಬೂದಿ ತೆಗೆಯುತ್ತಿದ್ದಳು. ಕೊಟ್ಟಿಗೆಯ ಸಗಣಿ ಬಾಚುತ್ತಿದ್ದಳು, ಎರಡು ಎಮ್ಮೆ ಕರೆಯುತ್ತಿದ್ದಳು, ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಎಳೆಯುತ್ತಿದ್ದಳು, ಅತ್ತೆಯ ಲಿಂಗಪೂಜೆಗೆ ಹೂವು ಪತ್ರೆ ತಂದಿಡುತ್ತಿದ್ದಳು. ಬಾವಿಯ ಪಕ್ಕದ ಗೂಟದಿಂದ ಹಗ್ಗಗಳನ್ನೆಲ್ಲ ಇಳಿಸಿ ಕಲ್ಲಿನ ಬಾನಿಯಲ್ಲಿ ನೆನೆಹಾಕುತ್ತಿದ್ದಳು. ಒಣ ಹಗ್ಗ ಅಂಗೈ ಕೊಯ್ಯುತ್ತದೆ, ಬೇಗ ಹರಿಯುತ್ತದೆ ಎಂದು ಅವ್ವ ಕಲಿಸಿದ್ದಳು. ಆಮೇಲೆ ರೊಟ್ಟಿಗೆ ಹಿಟ್ಟು. ಇದನ್ನೆಲ್ಲ ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ. ಗಂಡ ವೀರಬಸಪ್ಪ ಎದ್ದು ಬಾಗಿಲಿಗೆ ಬಂದ ಮೇಲೆ ಆ ಮನೆಯಲ್ಲಿ ಕೆಲಸ ಶುರುವಾಗುತ್ತಿತ್ತು.

ಬಂದಳಿಕೆಗೆ ಎರಡು ಮೈಲಿ ಈಚೆಯ ಹಳ್ಳಿ. ಮನೆಯ ಹಿಂದೆ ಮುಕ್ಕಾಲು ಎಕರೆಯಲ್ಲಿ ಬದನೆ, ಬೆಂಡೆ, ಮೆಣಸಿನಗಿಡ. ಗದ್ದೆ ಗಂಡಸರದು, ತರಕಾರಿ ಹೆಂಗಸರದು ಎಂದು ಯಾರೋ ಯಾವತ್ತೋ ಹಂಚಿಬಿಟ್ಟಿದ್ದರು. ಹಾಗಾಗಿ ಗದ್ದೆಗೆ ಎತ್ತುಗಳಿದ್ದವು, ತರಕಾರಿಗೆ ಹಾಲಮ್ಮನಿದ್ದಳು. ಬೇಸಗೆಯಲ್ಲಿ ದಿನಕ್ಕೆ ನೂರಿಪ್ಪತ್ತು ಕೊಡ ಸೇದಬೇಕು. ಸೊರಬದ ಕಡೆಯ ಚಂದ್ರಗುತ್ತಿಯಿಂದ ಹದಿನಾರನೇ ವಯಸ್ಸಿಗೆ ಸೊಸೆಯಾಗಿ ಬಂದವಳಿಗೆ ಈಗ ಮೂವತ್ತು. ಬಲಭುಜ ಎಡಭುಜಕ್ಕಿಂತ ದಪ್ಪವಾಗಿದೆ ಎಂದು ರವಿಕೆ ಹೊಲಿಯುವವನು ಹೇಳಿದ ಮೇಲೆಯೇ ಅವಳಿಗೆ ಗೊತ್ತಾದದ್ದು. ಈ ವರ್ಷ ಆ ಭುಜ ತಲೆ ಬಾಚುವಷ್ಟೂ ಮೇಲೇಳುತ್ತಿರಲಿಲ್ಲ.

೧೯೫೮ರ ಬೇಸಗೆಯಲ್ಲಿ ವೀರಬಸಪ್ಪ ಶಿರಾಳಕೊಪ್ಪದ ಒಂದು ಅಂಗಡಿಯಿಂದ ನೀರೆತ್ತುವ ಪೆಟ್ರೋಲ್ ಎಂಜಿನ್ನು ತಂದ. ಹಾಲಮ್ಮನ ಭುಜ ನೋಡಿ ತಂದದ್ದಲ್ಲ. ಪಕ್ಕದೂರಿನ ಕಲ್ಲಪ್ಪ ತಂದಿದ್ದ, ಅದಕ್ಕೆ ತಂದ. ಸರಿಬರದಿದ್ದರೆ ತಿಂಗಳೊಳಗೆ ವಾಪಸು ತೆಗೆದುಕೊಳ್ಳುತ್ತೇವೆ ಎಂದು ಅಂಗಡಿಯವರು ಹೇಳಿದ್ದರು.

ಅಂಗಡಿಯಿಂದ ಬಂದ ಫಿಟ್ಟರ್ ಮಹೇಶ್ವರಪ್ಪ ಬಾವಿಯ ಹತ್ತಿರ ಎಂಜಿನ್ನು ಕೂರಿಸಿ ವೀರಬಸಪ್ಪನಿಗೆ ತೋರಿಸಿಕೊಟ್ಟ. ಹಾಲಮ್ಮ ಬದನೆಗಿಡಗಳ ನಡುವೆ ಕಳೆ ಕೀಳುತ್ತಲೇ ನೋಡಿದಳು. ಎಂಜಿನ್ನಿನ ಪಕ್ಕಕ್ಕೆ ಒಂದು ಕಬ್ಬಿಣದ ಗಾಲಿ, ಗಾಲಿಯ ಅಂಚಿನಲ್ಲಿ ಒಂದು ಕಚ್ಚು. ಎರಡು ಮೊಳದ ಹತ್ತಿಹಗ್ಗದ ತುದಿಗೆ ಗಂಟು. ಗಂಟನ್ನು ಕಚ್ಚಿಗೆ ಸಿಕ್ಕಿಸಿ, ಹಗ್ಗವನ್ನು ಗಾಲಿಗೆ ಸುತ್ತಿ, ಒಂದೇ ಸಲಕ್ಕೆ ಜಗ್ಗಬೇಕು. ಗಾಲಿ ತಿರುಗಿ ಎಂಜಿನ್ನು ಹತ್ತಿಕೊಳ್ಳುತ್ತದೆ, ಗಂಟು ತಾನೇ ಕಳಚಿ ಹಗ್ಗ ಕೈಗೆ ಬರುತ್ತದೆ. ನಿಲ್ಲಿಸಬೇಕಾದರೆ ಮೇಲಿರುವ ತಗಡಿನ ಪಟ್ಟಿ ಒತ್ತಿದರಾಯಿತು.

ಆ ದಿನ ಹಾಲಮ್ಮ ಬಾವಿಗೆ ಕೊಡ ಬಿಡಲಿಲ್ಲ. ಮಧ್ಯಾಹ್ನ ಕೂತು ಉಂಡಳು. ಅದು ಅವಳಿಗೇ ವಿಚಿತ್ರವೆನಿಸಿ ಎರಡು ಸಲ ಎದ್ದು ಹೋಗಿ ಹಿತ್ತಲು ನೋಡಿ ಬಂದಳು. ಸಂಜೆ ವೀರಬಸಪ್ಪ ಎಂಜಿನ್ನಿನ ಹಗ್ಗವನ್ನು ಬಾವಿಹಗ್ಗಗಳ ಜೊತೆ ಅದೇ ಗೂಟಕ್ಕೆ ನೇತುಹಾಕಿದ.

ಮರುದಿನ ಎಂಜಿನ್ನು ಏಳಲಿಲ್ಲ. ಹಗ್ಗ ಕಚ್ಚಿನಲ್ಲೇ ಹಿಡಿದುಕೊಂಡು ವೀರಬಸಪ್ಪನ ರಟ್ಟೆ ತಿರುಚಿತು. ಒಮ್ಮೆ ಗಾಲಿಯ ಜೊತೆಗೇ ಸುತ್ತಿ ಬಂದು ಅವನ ಬೆನ್ನಿಗೆ ಬಾರಿಸಿತು. ಅವನು ಪೆಟ್ರೋಲನ್ನು ಬೈದ. ನೋಡಲು ಬಂದ ಕಲ್ಲಪ್ಪ ಪ್ಲಗ್ಗು ಬಿಚ್ಚಿ ಒರೆಸಿದ. ಅತ್ತೆ ಅಕ್ಕನಾಗಮ್ಮ ಎಂಜಿನ್ನಿಗೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದರು. ಹಾಲಮ್ಮ ಕೊಡ ಎತ್ತಿಕೊಂಡಳು.

ಶಿರಾಳಕೊಪ್ಪದ ಸಂತೆಯ ದಿನ ಅವಳು ಕೋಳಿ ಕೂಗುವ ಹೊತ್ತಿಗೆ ಬದನೆಯ ಬುಟ್ಟಿ ಹೊತ್ತು ಗಾಡಿ ಹತ್ತಿದಳು. ಆ ದಿನ ಒಂದೇ ಜಗ್ಗಿಗೆ ಎಂಜಿನ್ನು ಎದ್ದಿತು. ಮರುದಿನ ಮತ್ತೆ ಇಲ್ಲ. ಮುಂದಿನ ಸಂತೆಗೆ ಎದ್ದಿತು, ಮಾರನೇ ದಿನ ಇಲ್ಲ.

"ಏ ಹಾಲಿ, ನೀ ಸಂತಿಗೆ ಹೋದ್ರ ಸಾಕು, ಗುಡುಗುಡು ಅಂತೈತಿ ನೋಡು," ಎಂದ ವೀರಬಸಪ್ಪ.

"ಅದಕ್ಕೂ ಇಕಿ ಮುಖ ನೋಡಾಕ ಬ್ಯಾಸರ ಬಂದೈತಿ," ಎಂದರು ಅಕ್ಕನಾಗಮ್ಮ.

"ನೋಡಕ್ಕೆ ಅದಕ್ಕೆ ಕಣ್ಣೆಲ್ಲಿದೆ ಅತ್ತೆ?"

"ನಿಮ್ಮ ಸೊರಬದ ಕಡೇರ್ಗೆ ನಾಲಿಗಿ ಮಾತ್ರ ಎಲ್ಲಾ ಕಡಿ ಇರ್ತೈತಿ."

ಹಾಲಮ್ಮ ನಕ್ಕಳು. ಆದರೆ ಲೆಕ್ಕ ಹಾಕಿದರೆ ಅವರು ಹೇಳುವುದು ನಿಜವೇ ಆಗಿತ್ತು. ಫಿಟ್ಟರ್ ಬಂದ ದಿನ ಬಿಟ್ಟರೆ ಅವಳಿದ್ದ ದಿನ ಒಮ್ಮೆಯೂ ಎದ್ದಿರಲಿಲ್ಲ. ಒಂದು ಬೆಳಿಗ್ಗೆ ಮನೆಗೆಲಸ ಮುಗಿಸಿ, ತಾನು ದೂರವೇ ಇದ್ದು ನೋಡೋಣವೆಂದು ಪಕ್ಕದ ಮನೆಯ ಹೂವಮ್ಮನ ಜಗಲಿಯಲ್ಲಿ ಹೋಗಿ ಕೂತಳು. ಅಲ್ಲಿಂದ ಗಂಡ ಹಗ್ಗ ಜಗ್ಗುವುದು, ಬೈಯುವುದು ಕೇಳಿಸುತ್ತಿತ್ತು. ಎಂಜಿನ್ನಿನ ಸದ್ದು ಮಾತ್ರ ಇಲ್ಲ.

"ನಮ್ಮನಿ ದೂರ ಸಾಲಲ್ಲ ಬಿಡವ್ವ," ಎಂದಳು ಹೂವಮ್ಮ. "ಅದು ನಿನ್ನ ಶಿರಾಳಕೊಪ್ಪಕ್ಕ ಕಳಿಸೇ ತೀರ್ತೈತಿ."

ಮೂರನೇ ವಾರ ಚಂದ್ರಗುತ್ತಿಯಲ್ಲಿ ತಂಗಿ ಸರ್ವಮಂಗಳ ಹೆತ್ತಳು. ಹಾಲಮ್ಮ ನಾಲ್ಕು ದಿನ ಬಾಣಂತನಕ್ಕೆ ಹೋದಳು. ಅಲ್ಲಿಯೂ ನೀರು ಸೇದಿದಳು, ಬಾಣಂತಿಗೆ, ಕೂಸಿಗೆ, ನೋಡಲು ಬಂದವರಿಗೆ. ಹಿಂದಿರುಗಿದಾಗ ಬದನೆಸಾಲುಗಳು ತುಂಬ ಒದ್ದೆಯಾಗಿದ್ದವು. ನಾಲ್ಕು ದಿನವೂ ಎಂಜಿನ್ನು ಓಡಿತ್ತು. ಗಿಡ ಬದುಕಿದ್ದಕ್ಕೆ ಸಂತೋಷಪಡಬೇಕೋ, ಇನ್ನೇನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ನನ್ನ ಮೈಯಲ್ಲಿ ಏನಿದೆ? ಎಮ್ಮೆ ನನ್ನ ಕೈಗೆ ಮಾತ್ರ ಹಾಲು ಕೊಡುತ್ತದೆ, ಕಬ್ಬಿಣಕ್ಕೆ ನಾನು ಏಕೆ ಆಗುವುದಿಲ್ಲ?

ಮರುದಿನ ಎಂಜಿನ್ನು ಏಳಲಿಲ್ಲ. ಗಂಟು ಕಚ್ಚಿಗೆ ಕೂರದೆ ವೀರಬಸಪ್ಪ ಕಲ್ಲಿನಿಂದ ಗುದ್ದಿ ಕೂರಿಸಿದ. ಜಗ್ಗಿದರೆ ಅದು ಅಲ್ಲಿಂದ ಕದಲಲಿಲ್ಲ; ಕೊನೆಗೆ ಮೀಟಿ ಬಿಡಿಸಿ ಹಗ್ಗವನ್ನು ಗೂಟಕ್ಕೆ ಹಾಕಿದ.

"ನಾಡಿದ್ದಿಗೆ ತಿಂಗಳು ತುಂಬ್ತೈತಿ. ನಾಳೆನ ಗಾಡಿ ಕಟ್ತೀನಿ," ಎಂದ. "ಹೆಂಡ್ತೀನ ವಾಪಸ್ ತಗಳ್ಳೋ ಅಂಗಡಿ ಇಲ್ಲ. ಎಂಜಿನ್ನಾದ್ರೂ ತಗಂತಾರ."

"ರೀ, ಫಿಟ್ಟರನ್ನ ಒಂದು ಸಲ ಕರೆಸ್ರಿ."

"ಕರೆಸಿ ಏನಂತ ಹೇಳ್ಲಿ? ನನ್ನ ಹೆಂಡ್ತಿ ಮನ್ಯಾಗಿದ್ರ ಇದು ಏಳೂದಿಲ್ಲ ಅಂತ ಹೇಳ್ಲಾ?"

ಮರುದಿನ ಬೆಳಗಿನ ಹೊತ್ತು ವೀರಬಸಪ್ಪ ಗಾಡಿ ಕಟ್ಟುವ ಮೊದಲು ಎತ್ತುಗಳಿಗೆ ನೀರು ಕುಡಿಸಲು ಕೆರೆಗೆ ಹೊಡೆದುಕೊಂಡು ಹೋದ. ಅತ್ತೆ ಪೂಜೆಗೆ ಕೂತರು. ಹಾಲಮ್ಮ ಗೂಟದಿಂದ ಹಗ್ಗಗಳನ್ನಿಳಿಸಿ ಒಂದೊಂದಾಗಿ ಬಾನಿಗೆ ಹಾಕಿದಳು. ಎಂಜಿನ್ನಿನ ಹಗ್ಗ ಕೈಗೆ ಬಂದಾಗ ನಿಲ್ಲಿಸಿದಳು. ಇವತ್ತು ಹೋಗುವುದಕ್ಕೆ ಇದನ್ನು ನೆನೆಸಿ ಏನು? ಎಂಜಿನ್ನಿನ ಜೊತೆಗೇ ಕಟ್ಟಿ ಕಳಿಸಿದರಾಯಿತು ಎಂದು ಬಾವಿಕಟ್ಟೆಯ ಆಚೆ ಹೋದಳು.

ಕಟ್ಟುವ ಮೊದಲು ಸುಮ್ಮನೆ ಗಂಟನ್ನು ಕಚ್ಚಿಗೆ ಇಟ್ಟು ನೋಡಿದಳು. ಸಲೀಸಾಗಿ ಕೂತಿತು. ಎಳೆದರೆ ಸಲೀಸಾಗಿ ಬಂತು. ನಿನ್ನೆ ಕಲ್ಲಿನಿಂದ ಗುದ್ದಿದ ಗಂಟು ಇದೇ ಅಲ್ಲವೇ? ಅವಳು ಹಿಂದಿರುಗಿ ಬಾನಿಯ ನೀರು ನೋಡಿದಳು, ಕೈಯಲ್ಲಿದ್ದ ಒಣ ಹಗ್ಗ ನೋಡಿದಳು. ಗಂಟನ್ನು ಬಾನಿಯಲ್ಲಿ ಅದ್ದಿದರೆ ಹತ್ತಿ ನೀರು ಕುಡಿದು ಉಬ್ಬುತ್ತದೆ. ಉಬ್ಬಿದ್ದು ಕಚ್ಚಿನಿಂದ ಕಳಚುವುದಿಲ್ಲ. ಸಂತೆಯ ದಿನ ಅವಳಿಗೆ ನೆನೆಹಾಕಲು ಹೊತ್ತಿರುವುದಿಲ್ಲ. ಚಂದ್ರಗುತ್ತಿಗೆ ಹೋದ ನಾಲ್ಕು ದಿನ ಈ ಮನೆಯಲ್ಲಿ ಇನ್ಯಾರೂ ಹಗ್ಗ ನೆನೆಸಿರಲಿಲ್ಲ.

ಹಾಗಾದರೆ ಇದು ತನ್ನ ಮುಖವಲ್ಲ. ಮುಖವಲ್ಲದಿದ್ದರೂ ತಾನೇ. ತಿಂಗಳಿಡೀ ಮುತುವರ್ಜಿಯಿಂದ ಎಂಜಿನ್ನು ನಿಲ್ಲಿಸಿದವಳು ತಾನೇ. ಅವಳಿಗೆ ನಗು ಬಂತು. ಹೇಳಿದರೆ ಅತ್ತೆ ಸಾಯುವ ತನಕ ಇದನ್ನೇ ಹೇಳಿಕೊಂಡು ತಿರುಗುತ್ತಾರೆ. ಹೇಳದೆ, "ರೀ, ಹೋಗೋ ಮುಂಚೆ ಒಂದು ಸಲ ಜಗ್ಗಿ ನೋಡ್ರಿ" ಎಂದು ಒಣ ಹಗ್ಗ ಕೈಗಿಟ್ಟರೆ ಅವನೇ ಎಬ್ಬಿಸುತ್ತಾನೆ, ಮಾತು ಮುಗಿಯುತ್ತದೆ. ಈ ಮನೆಯಲ್ಲಿ ಅವಳು ಮಾಡಿದ ಎಷ್ಟೋ ಕೆಲಸಗಳು ಹಾಗೇ ಅವನದಾಗಿದ್ದವು. ತಾನೇ ಜಗ್ಗಿದರೆ? ನಾಳೆಯಿಂದ ಎಂಜಿನ್ನು ಎಬ್ಬಿಸುವುದೂ ತರಕಾರಿಯ ಕೆಲಸವೆನಿಸಿ ತನಗೇ ಬೀಳಬಹುದು. ಭುಜ ಉಳಿಯಬಹುದು. ಯಾವುದು ಲಾಭ, ಯಾವುದು ನಷ್ಟ ಎಂದು ಅವಳಿಗೆ ತಿಳಿಯಲೇ ಇಲ್ಲ. ಕೆರೆಯ ಏರಿಯ ಕಡೆ ನೋಡಿದಳು. ಎತ್ತುಗಳ ಗಂಟೆ ಇನ್ನೂ ದೂರದಲ್ಲಿತ್ತು.

ಗಂಟು ಸಿಕ್ಕಿಸಿ, ಹಗ್ಗ ಸುತ್ತಿ, ಬಾವಿಯಿಂದ ಸೇದುವ ಹಾಗೆ ನಿಧಾನವಾಗಿ ಎಳೆದಳು. ಎಂಜಿನ್ನು ಒಮ್ಮೆ ಕೆಮ್ಮಿತು. ಮತ್ತೆ ಸುತ್ತಿದಳು. ಕಾಲನ್ನು ಕಲ್ಲಿಗೆ ಒತ್ತಿ, ಎಡಗೈಯಲ್ಲಿ, ಜಗಳವಾಡುವ ಹಾಗೆ ಜಗ್ಗಿದಳು. ಹಗ್ಗ ಕೈಗೆ ಬಂತು, ಎಂಜಿನ್ನು ಗುಡುಗುಡು ಎಂದಿತು.

ಒಳಗೆ ಪೂಜೆಯ ಗಂಟೆ ನಿಂತಿತು. "ಯಾರದು? ವೀರಬಸನೇನ?" ಎಂದು ಅತ್ತೆ ಕೂಗಿದರು.

ತಗಡಿನ ಪಟ್ಟಿ ಕೈಗೆಟಕುವಷ್ಟರಲ್ಲೇ ಇತ್ತು. ಹಾಲಮ್ಮ ಅದನ್ನು ಒತ್ತಲಿಲ್ಲ.

"ನಾನು ಅತ್ತೆ," ಎಂದು ಕೂಗಿ ಹೇಳಿ, ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬದನೆಯ ಮೊದಲ ಸಾಲಿಗೆ ನೀರು ತಿರುಗಿಸಲು ಸಲಿಕೆ ಎತ್ತಿಕೊಂಡಳು.