ಕಾದಿಟ್ಟ ಜಾಗದ ಪಾಠ ಹೇಳಿದ ಭೀಮಶಿ ಸರ್

ಕಂಪ್ಯೂಟರ್ ಎಂದರೆ ಬೀಗ ಜಡಿದ ಕೋಣೆಯೊಳಗೆ ಬಟ್ಟೆ ಹೊದ್ದು ಕೂರುವ ವಸ್ತುವೆಂದು ನವಲಗುಂದ ಸೀಮೆಯ ಹಿರಿಯರೂ ಕಿರಿಯರೂ ನಂಬಿದ್ದ ಕಾಲದಲ್ಲಿ, ಆ ಬೀಗದ ಕೈಯನ್ನು ವಿದ್ಯಾರ್ಥಿಗಳಿಗೇ ಒಪ್ಪಿಸಿ, "ಕೆಟ್ಟರ ನಾ ಅದೇನಿ, ನೀವು ಮುಟ್ರಿ" ಎಂದವರು ಪೂಜ್ಯ ಗುರುಗಳಾದ ಶ್ರೀ ಭೀಮಶಿ ದೊಡಮನಿಯವರು. ಅಣ್ಣಿಗೇರಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತ, ನಮ್ಮ ಪಾಲಿಟೆಕ್ನಿಕ್‌ನಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ಅವರು ಈಗ ನಿವೃತ್ತರಾಗುತ್ತಿದ್ದಾರೆ. ಅವರ ವಿದ್ಯಾರ್ಥಿನಿಯಾಗಿ ನಾಲ್ಕು ವರ್ಷ, ಸಹೋದ್ಯೋಗಿಯಾಗಿ ಆರು ವರ್ಷ ಅವರ ಹತ್ತಿರವಿದ್ದ ನನಗೆ ಈ ಅಭಿನಂದನ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ.

ಸರ್ ಕೋಪಿಷ್ಠರು ಎಂಬ ಸುದ್ದಿ ಮೊದಲ ವರ್ಷದವರಲ್ಲಿ ಇತ್ತು. ಅದು ಸುಳ್ಳೇನೂ ಅಲ್ಲ. ಆದರೆ ಬೈಸಿಕೊಂಡವರಿಗೆ ಮಧ್ಯಾಹ್ನ ತಮ್ಮ ಡಬ್ಬಿಯ ಅರ್ಧ ರೊಟ್ಟಿಯನ್ನು ಕೊಡುವುದೂ ಅವರ ಪದ್ಧತಿಯಾಗಿದ್ದುದರಿಂದ, ಬೈಸಿಕೊಳ್ಳಲೆಂದೇ ತಪ್ಪು ಮಾಡುವ ಜಾಣರೂ ನಮ್ಮಲ್ಲಿದ್ದರು.

೨೦೧೩ರಲ್ಲಿ ನಾನು ಕೊನೆಯ ವರ್ಷದಲ್ಲಿದ್ದೆ. ಹಿಂದಿನ ಸಲ ಇದೇ ಪ್ರಾಜೆಕ್ಟಿನಲ್ಲಿ ನಪಾಸಾಗಿದ್ದೆ. ನಮ್ಮದು ಜಮಖಾನ ನೇಯುವ ಮನೆ. ಮಗ್ಗದ ಮುಂದೆ ಇಬ್ಬರು ಹೆಂಗಸರು ಒಬ್ಬರ ಬಾಜು ಒಬ್ಬರು ಕೂತು ನೇಯಬೇಕು. ಅಮ್ಮಿ ಶಮೀಮಾಬಿಯ ಕಣ್ಣು ಮಂಜಾಗತೊಡಗಿತ್ತು. "ಈ ಸಲಾನೂ ಆಗ್ಲಿಲ್ಲಂದ್ರ ಸಾಕು ಮಾಡು, ನನ್ನ ಬಾಜು ಬಂದು ಕೂಡು" ಎಂದು ಆಕೆ ಹೇಳಿಬಿಟ್ಟಿದ್ದಳು. ಆಕೆಯ ಮೇಲೆ ನನಗೆ ಸಿಟ್ಟಿರಲಿಲ್ಲ, ಓದು ಬಿಡಲು ಮಾತ್ರ ಮನಸ್ಸಿರಲಿಲ್ಲ.

ನನ್ನ ಪ್ರಾಜೆಕ್ಟು, ಓದು ಬಾರದ ನೇಕಾರ ಹೆಂಗಸರು ಚಿತ್ರ ನೋಡಿ, ಗುಂಡಿ ಒತ್ತಿ, ಜಮಖಾನದ ವಿನ್ಯಾಸ ಆರಿಸಿಕೊಳ್ಳುವ ಕಂಪ್ಯೂಟರ್ ಪರದೆ. ಅದನ್ನು ಕಟ್ಟುವ ಸಲಕರಣೆಯಲ್ಲಿ ಗುಂಡಿ, ಚೌಕಗಳನ್ನು ಎಳೆದು ತಂದು ಇಡಬಹುದಿತ್ತು. ಮೂಲೆಯಲ್ಲಿ 'ಓನರ್' ಎಂಬ ಪುಟ್ಟ ಚಿತ್ರವೊಂದಿತ್ತು. ಮುಟ್ಟಿದರೆ ಒಳಗೆ ಏನೂ ಇಲ್ಲ. ಖಾಲಿ ಎಂದುಕೊಂಡ ನಾನು ಅದೇ ಜಾತಿಯ ಹೊಸ ವಸ್ತುವೊಂದನ್ನು ನಾನೇ ಮಾಡಿ, ಗುಂಡಿ ಒತ್ತಿದ ಸುದ್ದಿ ಒಯ್ಯುವ ಗೆರೆಗಳನ್ನೆಲ್ಲ ಅದಕ್ಕೇ ಜೋಡಿಸಿದೆ. ಪ್ರೋಗ್ರಾಮ್ ಓಡಿಸಿದರೆ ಪರದೆ ಮೂಕ. ಒತ್ತಿದ್ದೇ ಒತ್ತಿದ್ದು, ಒಂದು ಚಿತ್ರವೂ ಬರಲಿಲ್ಲ. ಪರೀಕ್ಷೆಗೆ ಎರಡೇ ದಿನ ಉಳಿದಿತ್ತು.

ಸರ್ ನೋಡಿದರು. ತಪ್ಪು ಅವರಿಗೆ ಒಂದೇ ಕ್ಷಣಕ್ಕೆ ತಿಳಿದಿತ್ತು, ತಿದ್ದಲಿಲ್ಲ. ಸಂಜೆ ಐದಕ್ಕೆ ನನ್ನನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ಅಣ್ಣಿಗೇರಿ ಬಸ್ಸು ಬಂದು ನಿಂತದ್ದೇ ತಡ, ಈರಪ್ಪ ಎಂಬ ಹಿರಿಯರೊಬ್ಬರು ಕಿಟಕಿಯೊಳಗಿಂದ ಸೀಟಿಗೆ ತಮ್ಮ ಟವೆಲ್ ಒಗೆದು, ಬಾಗಿಲ ಕಡೆಗೆ ನಡೆದರು.

"ಆ ಸೀಟಿನ್ಯಾಗ ಯಾರದಾರ?" ಎಂದರು ಸರ್.

"ಯಾರೂ ಇಲ್ರಿ ಸರ್. ಬರೇ ಟವೆಲ್ ಐತ್ರಿ."

"ಹಂಗಾದ್ರ ಹೋಗಿ ಕೂಡು, ನೋಡೂಣು."

ಹತ್ತಿ ಕೂತೆ. ಗದ್ದಲ ದಾಟಿ ಬಂದ ಈರಪ್ಪನವರು, "ಯವ್ವಾ, ಟವೆಲ್ ಹಾಕೇನಿ, ಕಾಣವಲ್ದೇನು?" ಎಂದು ನನ್ನನ್ನು ಎಬ್ಬಿಸಿಯೇ ಬಿಟ್ಟರು. ಬಸ್ಸಿನವರೆಲ್ಲ ಅವರದೇ ಪಕ್ಷ.

ಇಳಿದು ಬಂದೆ. ಸರ್ ನಗುತ್ತಿದ್ದರು. "ಟವೆಲ್ ಮನಷ್ಯಾ ಅಲ್ಲ, ಖರೆ. ಆದ್ರ ಬರೂ ಮನಷ್ಯಾಂದು ಜಾಗಾ ಅದು. ನಿನ್ನ ಪರದ್ಯಾಗಿನ ಓನರ್ ಅಂದ್ರ ಇದ. ಪ್ರೋಗ್ರಾಮ್ ಸುರು ಆದಾಗ ಖರೇ ಓನರ್ ಬಂದು ಅಲ್ಲಿ ಕೂಡ್ತಾನ. ನೀ ಅಂವಗ ಕಾಯಲಿಲ್ಲ, ನಿನ್ನ ಕೈಯಾರ ಇನ್ನೊಬ್ಬನ್ನ ಮಾಡಿದಿ. ಗುಂಡಿ ಒತ್ತಿದ ಸುದ್ದಿ ಎಲ್ಲಾ ಇವಗ ಹೋತು, ಕೆಲಸಾ ಮಾಡಾಂವಗ ಮುಟ್ಟಲೇ ಇಲ್ಲ."

ನನಗೆ ಪಾಠ ಹೇಳುವ ಭರದಲ್ಲಿ ಸರ್ ತಮ್ಮ ಟವೆಲ್ ಹಾಕುವುದನ್ನೇ ಮರೆತಿದ್ದರು. ಅಂದು ಅಣ್ಣಿಗೇರಿಯ ತನಕ ನಿಂತೇ ಹೋದರಂತೆ.

ಮರುದಿನ ನಾನು ಮಾಡಿದ್ದನ್ನು ಅಳಿಸಿ, ಗೆರೆಗಳನ್ನೆಲ್ಲ ಓನರ್ ಚಿತ್ರಕ್ಕೆ ಜೋಡಿಸಿದೆ. ನೇಯುವವರಿಗಾಗಿ ಮಾಡಿದ್ದನ್ನು ನೇಯುವವರೇ ಒತ್ತಿ ನೋಡಬೇಕೆಂದು ಸರ್ ಪರೀಕ್ಷೆಯ ದಿನ ಅಮ್ಮಿಯನ್ನು ಕರೆಸಿದ್ದರು. ಹೊರಗಿನಿಂದ ಬಂದ ಪರೀಕ್ಷಕರ ಎದುರು ಅಮ್ಮಿ ಪರದೆಯ ಹತ್ತಿರ ಮುಖ ತಂದು, ಒಂದು ಗುಂಡಿ ಒತ್ತಿದಳು. ಪರದೆಯ ತುಂಬ ನವಿಲು ಬಂತು, ಆಕೆ ನಲವತ್ತು ವರ್ಷ ನೇಯ್ದ ನವಿಲು. ಬಹಳ ಹೊತ್ತು ನೋಡಿದಳು. ಆಮೇಲೆ ಪರೀಕ್ಷಕರ ಕಡೆಗಲ್ಲ, ಸರ್ ಕಡೆಗೆ ತಿರುಗಿ, "ಇಕಿನ್ನ ನೀವ ಇಟ್ಕೋರಿ ಸರ್. ಮಗ್ಗಕ್ಕ ನಮ್ಮ ತಂಗಿ ರಹೀಮಾಬಿನ್ನ ಕರಸ್ತೀನಿ" ಎಂದಳು. ನಾನು ಅಲ್ಲೇ ಅತ್ತುಬಿಟ್ಟೆ. ಸರ್ ಕನ್ನಡಕ ಒರೆಸಿಕೊಂಡರು.

ಮುಂದೆ ಅದೇ ಲ್ಯಾಬಿಗೆ ನಾನು ಉಪನ್ಯಾಸಕಿಯಾಗಿ ಬಂದಾಗ, ಮೊದಲ ದಿನದ ಪಾಠ ಕೆಟ್ಟದಾಗಿ ಹೋದುದನ್ನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿ, ಈ ಸಲ ಬೈಯದೆಯೇ ಮಧ್ಯಾಹ್ನ ಅರ್ಧ ರೊಟ್ಟಿ ಕೊಟ್ಟವರೂ ಅವರೇ. ಅವರು ನನಗೆ ಗುರುವಷ್ಟೇ ಅಲ್ಲ, ತಂದೆಯ ಸಮಾನರು.

ಪೂಜ್ಯರ ಕಣ್ಣು, ಕಾಲು, ಅಡಿಕೆ ಅಗಿಯುವ ಹಲ್ಲು ಎಲ್ಲವೂ ನೂರು ವರ್ಷ ಗಟ್ಟಿಯಾಗಿರಲಿ. ವಿಶ್ರಾಂತಿಯನ್ನೂ ಹಾರೈಸಬೇಕಿತ್ತು, ಆದರೆ ನನ್ನ ಸ್ವಾರ್ಥ ಬಿಡುತ್ತಿಲ್ಲ. ಸರ್, ಈ ವರ್ಷ ಭಾಗ್ಯಾ ಎಂಬ ಹುಡುಗಿ ಎರಡು ಸಲ ನಪಾಸಾಗಿ, ಕಾಲೇಜು ಬಿಡುತ್ತೇನೆಂದು ಅರ್ಜಿ ಬರೆದುಕೊಂಡು ಬಂದಿದ್ದಾಳೆ. ನನಗೆ ಗೊತ್ತಿರುವ ಮಾತನ್ನೆಲ್ಲ ಹೇಳಿ ನೋಡಿದೆ, ಸಾಲಲಿಲ್ಲ. ಈ ಸಂಪುಟ ನಿಮ್ಮ ಕೈ ಸೇರಿದ ಮೇಲಿನ ಸೋಮವಾರದವರೆಗೆ ಅವಳನ್ನು ತಡೆದಿದ್ದೇನೆ. ದಯವಿಟ್ಟು ಬನ್ನಿರಿ.